ನಂಬಿಕೆಯ ಆಧಾರ, ವಿಶ್ವವಿದ್ಯಾಲಯದ ಉದ್ದೇಶ: ಯಾವ ಪುಸ್ತಕ ಮೊದಲು?

ಪ್ರಶ್ನೆ (ತತ್ತ್ವಶಾಸ್ತ್ರ ಎಂ.ಎ. ವಿದ್ಯಾರ್ಥಿನಿ, ಮೈಸೂರು)
ಈ ಎರಡು ವಿಷಯಗಳನ್ನೂ ಕೂಡಿಸಿ ಕಿರುಪ್ರಬಂಧ ಬರೆಯಬೇಕಾಗಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಚಿಂತಕ, ಕ್ಯಾಥೊಲಿಕ್ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಅವರ ಎರಡು ಪುಸ್ತಕಗಳಲ್ಲಿ, ಅಂದರೆ ನಂಬಿಕೆಯ ಕುರಿತ 'ಗ್ರಾಮರ್ ಆಫ್ ಅಸೆಂಟ್' ಮತ್ತು ವಿಶ್ವವಿದ್ಯಾಲಯದ ಕುರಿತ 'ದಿ ಐಡಿಯಾ ಆಫ್ ಎ ಯೂನಿವರ್ಸಿಟಿ'ಗಳಲ್ಲಿ, ಒಂದನ್ನಷ್ಟೇ ಕೊಳ್ಳಬಲ್ಲೆ. ಓದಿದವರು ತಮ್ಮ ಅನುಭವ ತಿಳಿಸಬೇಕಾಗಿ ವಿನಂತಿ.

ನಿವೃತ್ತ ಅಧ್ಯಾಪಕ, ಧಾರವಾಡ
ನಾನು ಕೊಂಡದ್ದು 'ಗ್ರಾಮರ್ ಆಫ್ ಅಸೆಂಟ್'. ಟಿಪ್ಪಣಿಸಹಿತ ಆವೃತ್ತಿಗೆ 4,200 ರೂಪಾಯಿ, ಅಂಚೆಗೆ 1,350, ಮೇಲೆ ಸುಂಕ ಬೇರೆ. ಬಂದ ಪ್ರತಿ ಮಳೆಯಲ್ಲಿ ನೆನೆದು ಹಾಳೆಗಳು ಅಂಟಿಕೊಂಡಿದ್ದವು. ಮಾರಿದವರು ಅರ್ಧ ಬೆಲೆಯನ್ನಷ್ಟೇ ಹಿಂತಿರುಗಿಸಿದರು. ಆದರೂ ಪುರಾವೆ ಎಷ್ಟಿದೆಯೋ ಒಪ್ಪಿಗೆಯೂ ಅಷ್ಟೇ ಇರಬೇಕೆಂಬ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್‌ನ ನಿಯಮವನ್ನು ಎದುರಿಸಿ, ಬಿಡಿಯಾಗಿ ಸಾಲದ ಅನೇಕ ಕುರುಹುಗಳು ಕೂಡಿದಾಗ ಮನಸ್ಸು ನ್ಯಾಯವಾಗಿಯೇ ನಿಶ್ಚಯಕ್ಕೆ ಬರಬಲ್ಲದೆಂದು 1870ರ ಆ ಕೃತಿ ತೋರಿಸುವ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು
ಸರ್, ಹಕ್ಕುಸ್ವಾಮ್ಯ ಎಂದೋ ಮುಗಿದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಪುಸ್ತಕಕ್ಕೆ ವಿದ್ಯಾರ್ಥಿನಿಯಿಂದ ಇಷ್ಟು ಖರ್ಚು ಮಾಡಿಸುವುದು ಅನ್ಯಾಯ. ನನ್ನನ್ನು ತಿದ್ದಿದ್ದು, ಸಾಕಷ್ಟು ಪುರಾವೆಯಿಲ್ಲದೆ ನಂಬುವುದೇ ತಪ್ಪೆಂದು ಇಂಗ್ಲಿಷ್ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಬರೆದ ಪ್ರಬಂಧ. ಹಳೆಯ ಹಡಗಿನ ಬಗ್ಗೆ ಇದ್ದ ಅನುಮಾನವನ್ನು ಅದುಮಿಕೊಂಡು ಜನರನ್ನು ಕಳುಹಿಸಿದ ಮಾಲೀಕ, ಹಡಗು ಸುರಕ್ಷಿತವಾಗಿ ದಡ ಸೇರಿದರೂ ತಪ್ಪಿತಸ್ಥನೇ ಎಂಬ ಮಾತು ಓದಿದ ಮೇಲೆ, ಮನೆಯವರು ಹೇಳಿದ್ದನ್ನೆಲ್ಲ ವಿಚಾರಿಸದೆ ಒಪ್ಪುವುದನ್ನು ನಾನು ಬಿಟ್ಟೆ. ಅದಕ್ಕಾಗಿ ಮನೆಯಲ್ಲಿ ಎಷ್ಟು ಕಹಿಯಾಯಿತೆಂಬುದು ನನಗೇ ಗೊತ್ತು.

ನಿವೃತ್ತ ಅಧ್ಯಾಪಕ, ಧಾರವಾಡ
ಉಚಿತ ಪ್ರತಿಯ ಪುಟಸಂಖ್ಯೆ ಹೊಂದಲಿಲ್ಲವೆಂದು ನನ್ನ ಶಿಷ್ಯನೊಬ್ಬನ ಪ್ರಬಂಧವನ್ನೇ ಪರೀಕ್ಷಕರು ಹಿಂದಕ್ಕೆ ಕಳುಹಿಸಿದ್ದರು. ಅಂಥದ್ದನ್ನು ಅನುಭವಿಸದವರು ಖರ್ಚಿನ ಲೆಕ್ಕ ಹೇಳುವುದು ಸುಲಭ. ಕ್ಲಿಫರ್ಡ್‌ಗೆ ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್, ಪುರಾವೆ ಸಾಲದಿದ್ದಾಗಲೂ ಕೆಲವೊಮ್ಮೆ ನಂಬುವುದು ನ್ಯಾಯವೇ ಎಂದು 1896ರಲ್ಲಿ ಕೊಟ್ಟ ಉತ್ತರವನ್ನಾದರೂ ತಾವು ಓದಿದ್ದೀರಾ?

ಸಂಶೋಧಕಿ, ಮಂಗಳೂರು
ಇಬ್ಬರೂ ವಿಶ್ವವಿದ್ಯಾಲಯವನ್ನು ಮರೆತಿದ್ದೀರಿ. ಶೋಧನೆಯೇ ಗುರಿಯಾದರೆ ವಿದ್ಯಾರ್ಥಿಗಳೇಕೆ ಬೇಕು ಎಂದು 'ದಿ ಐಡಿಯಾ ಆಫ್ ಎ ಯೂನಿವರ್ಸಿಟಿ'ಯ ಮುನ್ನುಡಿಯಲ್ಲಿ ನ್ಯೂಮನ್ ಕೇಳುತ್ತಾರೆ. ಬೋಧನೆಯ ಹೊರೆಯಲ್ಲೇ ಸಂಶೋಧನೆಯ ವರ್ಷಗಳನ್ನು ಕಳೆದುಕೊಂಡ ನನಗೆ ಆ ಸಾಲು ಇಂದಿಗೂ ನೋವು ಕೊಡುತ್ತದೆ. 1810ರಲ್ಲಿ ಬರ್ಲಿನ್‌ನಲ್ಲಿ ಬೋಧನೆ, ಸಂಶೋಧನೆ ಎರಡನ್ನೂ ಒಟ್ಟಿಗೆ ಕಂಡ ಜರ್ಮನ್ ಚಿಂತಕ ಹಂಬೋಲ್ಟ್‌ನಿಂದಲೇ ಆರಂಭಿಸಿ, ತಂಗಿ.

ನಿವೃತ್ತ ಅಧ್ಯಾಪಕ, ಧಾರವಾಡ
ಮೇಡಂ, ಮುನ್ನುಡಿಯ ಒಂದು ಸಾಲಿನಿಂದ ತೀರ್ಪು ಕೊಡಬೇಡಿ. ಡಬ್ಲಿನ್‌ನಲ್ಲಿ ತಾವು ಮುಖ್ಯಸ್ಥರಾಗಿದ್ದ ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೆ ಅದೇ ನ್ಯೂಮನ್ 1855ರಲ್ಲಿ ವೈದ್ಯಕೀಯ ಶಾಲೆ ತೆರೆಸಿದರು. 1858ರಲ್ಲಿ ಪ್ರಾಧ್ಯಾಪಕರ ಸಂಶೋಧನೆಗೆಂದೇ 'ಅಟ್ಲಾಂಟಿಸ್' ಪತ್ರಿಕೆ ಹೊರಟಿತು.

ಸಂಶೋಧಕಿ, ಮಂಗಳೂರು
ಹಾಗಾದರೆ ಅವರು ಮಾಡಿದ್ದನ್ನು ಅವರ ಸಿದ್ಧಾಂತದಲ್ಲಿ ಏಕೆ ಸೇರಿಸಲಿಲ್ಲ? ನನ್ನ ತಕರಾರು ಇರುವುದೇ ಅಲ್ಲಿ.