ಅಚ್ಚುಚಿತ್ರವನ್ನು ‘ಪ್ರತಿ’ ಎನ್ನಬಹುದೇ?

ಪ್ರಶ್ನೆ: ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮದ ಕೊಂಡುಕುರಿಯನ್ನು ಲಿನೋಲಿಯಂ (ನೆಲಹಾಸಿಗೆ ಬಳಸುವ ಮೆತ್ತನೆಯ ಹಾಳೆ, ಚಿಕ್ಕದಾಗಿ ಲಿನೋ) ಮೇಲೆ ಕೆತ್ತಿ 30 ಹಾಳೆ ಅಚ್ಚು ಹಾಕಲಾಗಿದೆ. ಮಾರಿದ ಹಣ ವನ್ಯಜೀವಿ ಸಂರಕ್ಷಣೆಗೆ. ದಾವಣಗೆರೆಯ ಪ್ರದರ್ಶನಕ್ಕೆ ಬರೆದ ಚೀಟಿಯಲ್ಲಿ ‘ಮೂಲಚಿತ್ರದ ಪ್ರತಿ, ಪರಿಮಿತ ಆವೃತ್ತಿ 7/30, ನಾಲ್ಕು ಕೊಂಬಿನ ಜಿಂಕೆ’ ಎಂದಿದೆ. ಸರಿಯೇ?

ಉತ್ತರ: ಮೂರನ್ನೂ ತಿದ್ದಬೇಕು.

‘ಪ್ರತಿ’ ಎಂದರೆ ಹಿಂದೆಲ್ಲೋ ಬೇರೊಂದು ಮೂಲ ಇದೆ ಎಂದಾಯಿತು. ಇಲ್ಲಿ ಹಾಗಿಲ್ಲ. ಲಿನೋ ತುಂಡಿನ ಮೇಲಿರುವುದು ಎಡಬಲ ತಿರುಗಿದ ಉಬ್ಬುತಗ್ಗು ಮಾತ್ರ; ಮಸಿ ಸವರಿ ಹಾಳೆ ಒತ್ತಿದಾಗಲೇ ಚಿತ್ರ ಹುಟ್ಟುವುದು. ಆದ್ದರಿಂದ 30 ಹಾಳೆಗಳೂ ಮೂಲವೇ. ಕೊಳ್ಳಲು ಬಂದವರು ಜೆರಾಕ್ಸ್ ಎಂದು ತಿಳಿದು ಬೆಲೆ ಇಳಿಸಿದರೆ ನಷ್ಟ ಕಾಡಿಗೆ. ‘ಅಚ್ಚುಚಿತ್ರ’ ಎಂದು ಬರೆಯಿರಿ. ಬರಿಯ ‘ಅಚ್ಚು’ ಸಾಲದು: ಸಂಕ್ರಾಂತಿಯಲ್ಲಿ ಪಾಕ ಹೊಯ್ಯುವ ಮರದ ತುಂಡೂ ಅಚ್ಚೇ, ಅದರಿಂದ ಬಿಡಿಸಿಕೊಂಡ ಸಕ್ಕರೆ ಆನೆಯೂ ಅಚ್ಚೇ. ಕೆತ್ತಿದ ತುಂಡಿಗೆ ‘ಅಚ್ಚುಮಣೆ’ ಹೊಂದುತ್ತದೆ. ‘ಪಡಿಯಚ್ಚು’ ಬೇಡ, ‘ಅಪ್ಪನ ಪಡಿಯಚ್ಚು’ ಎನ್ನುವಲ್ಲಿನ ತದ್ರೂಪದ ಅರ್ಥ ಮತ್ತೆ ನಕಲಿನ ಕಡೆಗೇ ಎಳೆಯುತ್ತದೆ. ಪರೀಕ್ಷೆಗೆ ತೆಗೆದ ಹಾಳೆಗೆ ಮುದ್ರಣಾಲಯದ ‘ಕರಡಚ್ಚು’ ಇದ್ದೇ ಇದೆ.

ಪುಸ್ತಕಕ್ಕೆ ಎರಡನೆಯ ‘ಆವೃತ್ತಿ’ ಎಂದರೆ ಮತ್ತೆ ಅಚ್ಚಾಯಿತು ಎಂದರ್ಥ. ಇಲ್ಲಿ ಕೊಡುತ್ತಿರುವುದು ಮತ್ತೆ ಅಚ್ಚು ಹಾಕುವುದಿಲ್ಲ ಎಂಬ ಮಾತು. ಒಂದೇ ಮಣೆಯನ್ನು ಬಣ್ಣಕ್ಕೊಮ್ಮೆ ಕೆತ್ತುತ್ತ ಹೋಗುವ ಕ್ರಮದಲ್ಲಂತೂ ಮತ್ತೆ ಹಾಕಲು ಸಾಧ್ಯವೇ ಇಲ್ಲ: ಕಪ್ಪಿಗೆ ಬರುವ ಹೊತ್ತಿಗೆ ಹಳದಿಯ ಮಣೆ ಉಳಿದಿರುವುದಿಲ್ಲ. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರದೆ ಕೆಲವು ಹಾಳೆ ಕೆಡುತ್ತವೆ; 30 ಬೇಕಾದರೆ ಮೊದಲ ಬಣ್ಣವನ್ನು ಇನ್ನೂ ಕೆಲವು ಹೆಚ್ಚಿನ ಹಾಳೆಗೆ ಹಾಕಿರಬೇಕು. ‘ಒಟ್ಟು 30ರಲ್ಲಿ 7ನೆಯದು’ ಎಂದರೆ ಯಾರಿಗೂ ತಿಳಿಯುತ್ತದೆ.

‘ಜಿಂಕೆ’ ಎಂದೊಡನೆ ಕಣ್ಣ ಮುಂದೆ ಬರುವ ಚುಕ್ಕೆ ಜಿಂಕೆಯ ಕೊಂಬು ಕವಲೊಡೆದದ್ದು, ಉದುರಿ ಮತ್ತೆ ಬೆಳೆಯುವಂಥದ್ದು. ಕೊಂಡುಕುರಿಯ ಕೊಂಬಿಗೆ ಕವಲಿಲ್ಲ, ಅದು ಉದುರುವುದೂ ಇಲ್ಲ. ಆಡು, ಕುರಿ, ದನಗಳ ಕುಟುಂಬಕ್ಕೆ ಸೇರಿದ ಪ್ರಾಣಿ ಅದು. ಊರಿನವರ ‘ಕುರಿ’ಯೇ ನಿಜಕ್ಕೆ ಹತ್ತಿರ. ತೆಲುಗಿನ ‘ಕೊಂಡಗೊರ್ರೆ’ಯನ್ನು ಪಕ್ಕದಲ್ಲಿಟ್ಟರೆ ‘ಕೊಂಡ’ ಬೆಟ್ಟವೇ ಎಂದು ತೋರುತ್ತದೆ.

ಹೀಗಿರಲಿ: ‘ಕೊಂಡುಕುರಿ, ಗಂಡು. ಲಿನೋ ಅಚ್ಚುಚಿತ್ರ. ಒಟ್ಟು 30ರಲ್ಲಿ 7ನೆಯದು.’

‘ಗಂಡು’ ಎಂದು ಬರೆಯುವ ಮೊದಲು ಹಾಳೆಯನ್ನೊಮ್ಮೆ ನೋಡಿ. ಕೊಂಬು ಇರುವುದು ಗಂಡಿಗೆ ಮಾತ್ರ. ಮುಂದಿನ ಜೋಡಿ ಬಹಳ ಚಿಕ್ಕದು, ಕೆಲವಕ್ಕೆ ಬರೀ ಗುಬುಟು. ಕೆತ್ತುವಾಗ ಉಳಿಯ ಮೊನೆ ಗೆರೆಯ ಅಡಿಗೆ ನುಗ್ಗಿದರೆ ಬುಡ ಸಡಿಲವಾಗಿ ಆ ಮುಂಗೊಂಬು ಕಿತ್ತುಬರುತ್ತದೆ. ರೋಲರ್ ಪಚಪಚ ಎನ್ನುವಷ್ಟು ಮಸಿ ಹಾಕಿದರೆ ಸುತ್ತಲ ಬಿಳಿ ಮುಚ್ಚಿ ಅದು ಹಣೆಯಲ್ಲಿ ಕರಗಿಹೋಗುತ್ತದೆ. ಅಂಥ ಹಾಳೆಯನ್ನು ಎಣಿಕೆಗೆ ಸೇರಿಸಬಾರದು.