₹ ಚಿಹ್ನೆ ಪರದೆಯಲ್ಲಿ ಸರಿ, ಪಿಡಿಎಫ್, ಎಕ್ಸೆಲ್, ಹಳೇ ಕಡತಗಳಲ್ಲಿ ಹಾಳು

ಪ್ರಶ್ನೆ | ಬಿಲ್‌ಪುಸ್ತಕ
ಅಂಗಡಿ ಬಿಲ್ಲಿಂಗ್ ತಂತ್ರಾಂಶ, ಅದರ ಡೇಟಾಬೇಸ್ ಮೈಎಸ್‌ಕ್ಯೂಎಲ್. ಬ್ರೌಸರ್‌ನಲ್ಲಿ ₹500 ಚೆನ್ನಾಗಿ ಕಾಣುತ್ತೆ. ಜಾವಾಸ್ಕ್ರಿಪ್ಟ್ ಲೈಬ್ರರಿಯಿಂದ ಪಿಡಿಎಫ್ ಮಾಡಿದರೆ ¹500 ಆಗುತ್ತೆ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದರೆ ಟೋಪಿ ಹಾಕಿದ ಇಂಗ್ಲಿಷ್ ಎ, ಅಲ್ಪವಿರಾಮದಂಥದ್ದೊಂದು, ಮೇಲೆ ಪುಟ್ಟ 1. ಡೇಟಾಬೇಸ್‌ನ ಹಳೇ ಸಾಲುಗಳಲ್ಲಿ ಬರೀ ?. 2010ರ ವರ್ಡ್ ಕಡತಗಳಲ್ಲಿ `500. ಎಲ್ಲಕ್ಕೂ ಸೇರಿ ಒಂದು ಪರಿಹಾರ ಇದೆಯಾ?

ಉತ್ತರ | ಸಂಕೇತಬಿಂದು
ಇಲ್ಲ. ನಾಲ್ಕೂ ಬೇರೆ ಬೇರೆ ಕಾಯಿಲೆ.

₹ಗೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿ) ಸಂಖ್ಯೆ 8377, ಹದಿನಾರರ ಎಣಿಕೆಯಲ್ಲಿ 20ಬಿ9. ಸರ್ಕಾರ ಚಿಹ್ನೆಯನ್ನು ಒಪ್ಪಿದ್ದು 2010ರ ಜುಲೈನಲ್ಲಿ, ಯೂನಿಕೋಡ್ 6.0ಕ್ಕೆ ಅದು ಸೇರಿದ್ದು ಅದೇ ಅಕ್ಟೋಬರ್‌ನಲ್ಲಿ. ಆ ಸಂಖ್ಯೆಯನ್ನು ಕಡತದಲ್ಲಿ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್: 226, 130, 185. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ, ಅರ್ಧ ಕೆಲಸ ಮುಗಿದಂತೆ.

ಪಿಡಿಎಫ್: ಲೈಬ್ರರಿಯ ಡೀಫಾಲ್ಟ್ ಫಾಂಟ್‌ಗಳು ಅಕ್ಷರಕ್ಕೊಂದೇ ಬೈಟ್ ಇಟ್ಟುಕೊಳ್ಳುತ್ತವೆ. 8377 ಅದರಲ್ಲಿ ಹಿಡಿಸಲ್ಲ, ಕೆಳಗಿನ ಬೈಟ್ 185 ಮಾತ್ರ ಉಳಿಯುತ್ತೆ. ಹಳೇ ಲ್ಯಾಟಿನ್ ಪಟ್ಟಿಯಲ್ಲಿ 185 ಅಂದರೆ ¹. ನಾಲ್ಕರಲ್ಲಿ ಅತಿ ಅಪಾಯಕಾರಿ ಇದೇ, ಗಿರಾಕಿ ಅದನ್ನು 1500 ಅಂತ ಓದಿಕೊಳ್ಳಬಹುದು. ₹ ಇರುವ ನೋಟೋ ಸಾನ್ಸ್‌ನಂಥ ಟಿಟಿಎಫ್ ಫಾಂಟನ್ನು ಪಿಡಿಎಫ್‌ನೊಳಗೇ ಸೇರಿಸಿ, ಮೊತ್ತ ಬರೆಯುವ ಮುಂಚೆ ಅದನ್ನೇ ಆರಿಸಿ. ಬಿಲ್ಲಿನಲ್ಲಿ ಕನ್ನಡವೂ ಇದ್ದರೆ ಈ ದಾರಿ ಬಿಟ್ಟುಬಿಡಿ. ಇಂಥ ಲೈಬ್ರರಿಗಳು ಬಹುಪಾಲು ಒತ್ತಕ್ಷರ ಜೋಡಿಸಲ್ಲ. ಬ್ರೌಸರ್‌ನಿಂದಲೇ ಪಿಡಿಎಫ್‌ಗೆ ಪ್ರಿಂಟ್ ಕೊಡುವುದು ವಾಸಿ.

ಎಕ್ಸೆಲ್: ಕಡತ ಸರಿಯಾಗೇ ಇದೆ, ಓದಿದ್ದು ತಪ್ಪು. ಮೂರು ಬೈಟನ್ನು ಮೂರು ಅಕ್ಷರ ಅಂದುಕೊಂಡಿದೆ. ಸಿಎಸ್‌ವಿ ಬರೆಯುವಾಗ ಮೊದಲಿಗೆ ಇದು ಯುಟಿಎಫ್-8 ಅಂತ ಗುರುತು ಹೇಳುವ 239, 187, 191 ಬೈಟ್‌ಗಳನ್ನು ಹಾಕಿ, ಆಗ ಡಬಲ್ ಕ್ಲಿಕ್ ಮಾಡಿದರೂ ಸರಿಯಾಗಿ ತೆರೆಯುತ್ತೆ. ಇಲ್ಲವೇ ಡೇಟಾ ಮೆನುವಿನಿಂದ ಆಮದು ಮಾಡಿ ಫೈಲ್ ಒರಿಜಿನ್ 65001 (ಅಂದರೆ ಯುಟಿಎಫ್-8) ಕೊಡಿ. ಹಾಳಾಗಿ ಕಂಡಿದ್ದನ್ನು ಹಾಗೇ ಸೇವ್ ಮಾತ್ರ ಮಾಡಬೇಡಿ.

ಉತ್ತರ | ಟೇಬಲ್‌ತಜ್ಞ
ಡೇಟಾಬೇಸ್ ವಿಷಯಕ್ಕೆ: ಪರದೆ ನೋಡಿ ತೀರ್ಮಾನಿಸಬೇಡಿ, ಬೈಟ್ ನೋಡಿ. ಕಾಲಂ ಈಗ ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್-8ರ ಹೆಸರು) ಆಗಿದ್ದರೆ, ₹ ಇರುವ ಜಾಗದ ಅಕ್ಷರವನ್ನು ಸಬ್‌ಸ್ಟ್ರಿಂಗ್‌ನಿಂದ ತೆಗೆದು ಆಸ್ಕಿ ಫಂಕ್ಷನ್‌ಗೆ ಕೊಡಿ, ಅದು ಮೊದಲ ಬೈಟನ್ನು ಹೇಳುತ್ತೆ.

226 ಬಂದರೆ ಸರಿ. 195 ಬಂದರೆ ಎರಡು ಸಲ ಎನ್‌ಕೋಡ್ ಆಗಿದೆ, ಉಳಿಸಬಹುದು: ಮೊದಲು ಲ್ಯಾಟಿನ್1ಗೆ (ಅಕ್ಷರಕ್ಕೊಂದೇ ಬೈಟ್‌ನ ಹಳೇ ಪಟ್ಟಿ) ಕನ್ವರ್ಟ್, ಅದನ್ನು ಬೈನರಿಗೆ ಕಾಸ್ಟ್, ಮತ್ತೆ ಯುಟಿಎಫ್8ಎಂಬಿ4ಗೆ ಕನ್ವರ್ಟ್. ಕೆಟ್ಟ ಸಾಲುಗಳಿಗೆ ಮಾತ್ರ, ಬ್ಯಾಕಪ್ ತೆಗೆದ ಮೇಲೆ. 63 ಬಂದರೆ ಅದು ನಿಜವಾದ ಪ್ರಶ್ನಾರ್ಥಕ ಚಿಹ್ನೆ. ಲ್ಯಾಟಿನ್1 ಕಾಲಂನಲ್ಲಿ ₹ಗೆ ಜಾಗವಿಲ್ಲದೆ ಸರ್ವರ್ ? ಬರೆದು ಕೈತೊಳೆದುಕೊಂಡಿದೆ. ಯಾವ ಕನ್ವರ್ಟರೂ ಅದನ್ನು ವಾಪಸ್ ತರಲ್ಲ. ಹೊಂದದ ಡೇಟಾವನ್ನು ಒಪ್ಪದ ಸ್ಟ್ರಿಕ್ಟ್ ಮೋಡ್ ಆನ್ ಇದ್ದಿದ್ದರೆ ಅವತ್ತೇ ಎರರ್ ಕೊಡುತ್ತಿತ್ತು.

ನನ್ನ ಕೇಳಿದರೆ ಮೊತ್ತದ ಕಾಲಂನಲ್ಲಿ ₹ ಇರಲೇಬಾರದು. ಡೆಸಿಮಲ್ ಕಾಲಂನಲ್ಲಿ ಸಂಖ್ಯೆ ಮಾತ್ರ ಇಟ್ಟು, ತೋರಿಸುವಾಗ ಚಿಹ್ನೆ ಹಚ್ಚಿ.

ಉತ್ತರ | ಹಳೇಫಾಂಟು
`500 ಬಗ್ಗೆ ಯಾರೂ ಹೇಳಿಲ್ಲ. ಯೂನಿಕೋಡ್‌ಗೆ ಸೇರುವ ಮುಂಚೆಯೇ, 2010ರ ಜುಲೈನಲ್ಲಿ, ಮಂಗಳೂರಿನ ಫೊರಾಡಿಯನ್ ಕಂಪನಿ ಒಂದು ಉಚಿತ ಫಾಂಟ್ ಬಿಟ್ಟಿತ್ತು. ಟ್ಯಾಬ್ ಮೇಲಿನ ಕೀಲಿಯ ` ಚಿಹ್ನೆಯ ಜಾಗದಲ್ಲೇ ₹ ಚಿತ್ರ ಕೂರಿಸಿದ್ದರು. ಆಗಿನ ಅವಸರಕ್ಕೆ ಒದಗಿತು ನಿಜ, ಆದರೆ ಕಡತದಲ್ಲಿ ಉಳಿದಿದ್ದು ` ಮಾತ್ರ. ನುಡಿ, ಬರಹದ ಹಳೇ ಆಸ್ಕಿ ಕಡತಗಳ ಗೋಳೂ ಇದೇ ತಾನೇ.

ವರ್ಡ್‌ನ ಫೈಂಡ್‌ನಲ್ಲಿ ` ಜೊತೆ ಆ ಫಾಂಟನ್ನೂ ಷರತ್ತಾಗಿ ಕೊಡಿ, ಇಲ್ಲದಿದ್ದರೆ ಬೇರೆ `ಗಳೂ ಬದಲಾಗುತ್ತವೆ. ರೀಪ್ಲೇಸ್‌ನಲ್ಲಿ ₹ ಹಾಕಿ ಫಾಂಟನ್ನೂ ಬದಲಿಸಿ. ಇನ್ನೊಂದು: ₨ ಅನ್ನುವುದು ಬೇರೆಯೇ ಅಕ್ಷರ, ಅದರ ಯೂನಿಕೋಡ್ ಸಂಖ್ಯೆ 8360. ಹುಡುಕಾಟದಲ್ಲಿ ₹ ಕೊಟ್ಟರೆ ಅದು ಸಿಗಲ್ಲ.

ಪ್ರಶ್ನೆ | ಬಿಲ್‌ಪುಸ್ತಕ
195 ಮತ್ತು 63 ಎರಡೂ ಸಿಕ್ಕವು. ಬಿಲ್ ಮೊತ್ತವನ್ನು ಎಸ್ಎಂಎಸ್ ಕಳಿಸುವಾಗ ₹ ಹಾಕಬಹುದಾ?

ಉತ್ತರ | ಸಂಕೇತಬಿಂದು
ಇಂಗ್ಲಿಷ್ ಸಂದೇಶವಾದರೆ ಬೇಡ. ಎಸ್ಎಂಎಸ್‌ನ ಮೂಲ 7 ಬಿಟ್ ಪಟ್ಟಿಯಲ್ಲಿ ₹ ಇಲ್ಲ. ಒಂದೇ ಒಂದು ₹ ಬಂದರೂ ಇಡೀ ಸಂದೇಶ 16 ಬಿಟ್‌ಗೆ ಹೋಗುತ್ತೆ, 160 ಅಕ್ಷರದ ಮಿತಿ 70ಕ್ಕೆ ಇಳಿಯುತ್ತೆ. 120 ಅಕ್ಷರದ ಬಿಲ್ ಎರಡು ಸಂದೇಶವಾಗಿ ದುಡ್ಡೂ ಎರಡರದ್ದೇ. ಕನ್ನಡ ಸಂದೇಶ ಹೇಗಿದ್ದರೂ 70ರ ಲೆಕ್ಕವೇ, ಅಲ್ಲಿ ಧಾರಾಳವಾಗಿ ಹಾಕಿ. "ರೂ." ಬರೆದರೆ ಅಲ್ಲಿ ಮೂರು ಅಕ್ಷರ ಖರ್ಚು, ₹ಗೆ ಒಂದೇ.