ಪದಚರ್ಚೆ: ಬಿಸಿಲು ತಾಳದೆ ಓತಿಕೇತ ಅಡಗುವ ಹೊತ್ತಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಭೂಮಿ ಬಿಸಿಯೇರುತ್ತಿರುವಾಗ ಓತಿಕೇತದಂಥ ಪ್ರಾಣಿಗಳು ಮರಿಮಾಡುವ ಕಾಲದಲ್ಲಿ ಮೈಯ ಬಿಸಿಯನ್ನು ಹೇಗೆ ಹದದಲ್ಲಿಡುತ್ತವೆ ಎಂದು ಹೈಸ್ಕೂಲು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ‘ಅವರ್ಸ್ ಆಫ್ ರಿಸ್ಟ್ರಿಕ್ಷನ್’, ಅಂದರೆ ಬಿಸಿಲು ತಾಳದೆ ಪ್ರಾಣಿ ಹೊರಬರಲಾಗದೆ ಅಡಗಿರಬೇಕಾದ ಗಂಟೆಗಳು, ಎಂಬಲ್ಲಿ ಬರವಣಿಗೆ ನಿಂತಿದೆ. ‘ನಿರ್ಬಂಧಿತ ಗಂಟೆಗಳು’ ಎಂದರೆ ಕರ್ಫ್ಯೂ ನೆನಪಾಗುತ್ತದೆಯೇ ಹೊರತು ಪ್ರಾಣಿ ಕಣ್ಣಿಗೆ ಕಟ್ಟುವುದಿಲ್ಲ.

ಸಂದರ್ಭ ಮೆಕ್ಸಿಕೊದ್ದು. ಅಲ್ಲಿ ಸ್ಕೆಲೋಪೊರಸ್ ಎಂಬ ಓತಿಕೇತಗಳ ಕುಲವಿದೆ, ಮೈತುಂಬ ಮುಳ್ಳುಮುಳ್ಳು ಹುರುಪೆ. ಜೀವವಿಜ್ಞಾನಿ ಬ್ಯಾರಿ ಸಿನೆರ್ವೊ ಮತ್ತು ಸಂಗಡಿಗರು ಈ ಕುಲದ 48 ಪ್ರಭೇದಗಳನ್ನು 200 ಜಾಗಗಳಲ್ಲಿ ಮತ್ತೆ ಹುಡುಕಿದರು. 1975ರಿಂದೀಚೆಗೆ ಶೇಕಡ 12ರಷ್ಟು ಜಾಗಗಳಲ್ಲಿ ಅವು ಇಲ್ಲವಾಗಿದ್ದವು. 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಅವು ಬಿಸಿಲಿಗೆ ಬೆಂದು ಸತ್ತವಲ್ಲ. ಎಳೆಬಿಸಿಲಿನಲ್ಲಿ ಮೈ ಕಾಯಿಸಿಕೊಂಡು ಹುಳುಹುಪ್ಪಟೆ ಹಿಡಿಯಲು ಹೊರಡುತ್ತವೆ. ಬಿಸಿಲೇರಿ ಬಂಡೆ ಸುಡತೊಡಗಿದರೆ ಸಂದಿಗೆ ನುಗ್ಗಲೇಬೇಕು. ಒಳಗಿದ್ದಷ್ಟು ಹೊತ್ತೂ ಉಪವಾಸ. ಬೇರೆ ದಿನಗಳಲ್ಲಿ ಹೇಗೋ ನಡೆದೀತು, ಆದರೆ ಬಸಿರಿನ ದಿನಗಳಲ್ಲಿ ಹೆಣ್ಣಿಗೆ ತನ್ನ ಹೊಟ್ಟೆಯ ಜೊತೆಗೆ ಮೊಟ್ಟೆಯ ಹಳದಿಗೂ ಆಹಾರ ಬೇಕು. ಮೆಕ್ಸಿಕೊದಲ್ಲಿ ಬಿಸಿ ಹೆಚ್ಚು ಬೇಗ ಏರಿದ್ದು ಜನವರಿಯಿಂದ ಮೇವರೆಗೆ, ಅಂದರೆ ಸರಿಯಾಗಿ ಆ ಕಾಲಕ್ಕೆ. ಅಲ್ಲಿನ ಯುಕಟಾನ್ ಪ್ರದೇಶದಲ್ಲಿ ಸಿನೆರ್ವೊ ತಂಡದವರು ಓತಿಕೇತದಷ್ಟೇ ಬಿಸಿಯೇರುವ ಪುಟ್ಟ ಮಾದರಿಗಳನ್ನು ಬಿಸಿಲಿನಲ್ಲಿಟ್ಟು, ಒಳಗಿನ ಉಷ್ಣತೆಯನ್ನು ತಿಂಗಳುಗಟ್ಟಲೆ ದಾಖಲಿಸಿದರು. ಹಾಗೆ ಸಿಕ್ಕಿದ್ದೇ ಈ ಗಂಟೆಗಳ ಲೆಕ್ಕ. ಮರಿಮಾಡುವ ಕಾಲದಲ್ಲಿ ದಿನಕ್ಕೆ ಸುಮಾರು 4 ಗಂಟೆ ಅಡಗಿ ಕೂರಬೇಕಾದ ಕಡೆ ಸಂತತಿ ಉಳಿಯದು ಎಂದು ಅವರ ಅಂದಾಜು.

ಹೊಟ್ಟೆಯಲ್ಲೇ ಮರಿ ಬೆಳೆಸುವ ಪ್ರಭೇದಗಳ ಪಾಡು ಇನ್ನೂ ಕಷ್ಟ. ತಂಪಾದ ಬೆಟ್ಟಗಳಿಗೆ ಒಗ್ಗಿದ ಜೀವಗಳವು. ತಾಯಿ ಬಿಸಿಲು ಕಾಯಿಸುವುದೇ ಒಳಗಿನ ಮರಿಗೆ ಕಾವು. ಆ ಕಾವು ಮಿತಿಮೀರಿದರೆ ಭ್ರೂಣ ಕೆಡುತ್ತದೆ. ಹಾಗಾಗಿ ಬಿಸಿಲೂ ಬೇಕು, ಬೇಗ ನೆರಳಿಗೂ ಸರಿಯಬೇಕು. ಓದುವಾಗ ನನಗೆ ಅತಿ ಸಂಕಟವೆನಿಸಿದ ಭಾಗವಿದು.

‘ಶೀತರಕ್ತ ಪ್ರಾಣಿ’ ಎಂಬ ಪಠ್ಯಪುಸ್ತಕದ ಮಾತನ್ನು ಬಿಟ್ಟಿದ್ದೇನೆ. ಬಿಸಿಲಿನಲ್ಲಿ ಓಡಾಡುವಾಗ ಇವುಗಳ ರಕ್ತ 35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅದನ್ನು ತಣ್ಣಗೆ ಎನ್ನಲಾಗದು. ‘ಹಲ್ಲಿ’ಯನ್ನೂ ಬಿಟ್ಟೆ, ಓದುವ ಮಗು ಗೋಡೆಯ ಟ್ಯೂಬ್‌ಲೈಟಿನತ್ತ ನೋಡೀತು.

ಆ ಗಂಟೆಗಳಿಗೆ ನನಗೆ ಹೊಳೆದಿರುವುದು ‘ಮರೆಹೊತ್ತು’. ಕಿವಿಗೆ ಹಿತವಾಗಿದೆ, ಆದರೆ ಸೂರ್ಯ ಮರೆಯಾದ ಹೊತ್ತು ಎಂದು ಅರ್ಥವಾದರೆ ಪೂರಾ ತಿರುವುಮುರುವು. ‘ನೆರಳುಹೊತ್ತು’ ಎಂದರೆ ಹಾಯಾಗಿ ವಿಶ್ರಮಿಸುವಂತಿದೆ, ಹಸಿವಿನ ಸುಳಿವೇ ಇಲ್ಲ. ‘ಅಡಗುಹೊತ್ತು’ ಸದ್ಯಕ್ಕೆ ವಾಸಿ ಅನ್ನಿಸುತ್ತದೆ.

ಕುರಿ, ದನ ಮೇಯಿಸುವವರಲ್ಲಿ ಇದಕ್ಕೆ ಹತ್ತಿರದ ಮಾತು ಇದ್ದೀತೆಂದು ನನ್ನ ಆಸೆ. ಮಟಮಟ ಮಧ್ಯಾಹ್ನ ಮಂದೆ ಮೇವು ಬಿಟ್ಟು ಮರದಡಿ ನಿಲ್ಲುವ ಆ ಹೊತ್ತಿಗೆ ನಿಮ್ಮ ಕಡೆ ಏನೆನ್ನುತ್ತಾರೆ? ಬಯಲುಸೀಮೆಯವರೂ ಉತ್ತರ ಕರ್ನಾಟಕದವರೂ ದಯವಿಟ್ಟು ಮನೆಯ ಹಿರಿಯರನ್ನು ಕೇಳಿ, ಊರಿನ ಹೆಸರಿನೊಂದಿಗೆ ತಿಳಿಸಿ. ಜೊತೆಗೆ ಬಳಸುವ ಒಂದು ವಾಕ್ಯವನ್ನೂ ಬರೆದರೆ ಉಪಕಾರ.